ಅಧ್ಯಕ್ಷರ ಸಹಿಯೊಂದೇ ಸಾಕೇ? ತಪ್ಪು ಕಲ್ಪನೆ ಮತ್ತು ಸತ್ಯ

ಕೋವಿಡ್ ಕಾಲದಲ್ಲಿ ಅಮೆರಿಕದ ನಿರುದ್ಯೋಗಿಗಳಿಗೆ ವಾರಕ್ಕೆ 600 ಡಾಲರ್ ಹೆಚ್ಚುವರಿ ನೆರವು ಸಿಗುತ್ತಿತ್ತು. 2020ರ ಜುಲೈ ಕೊನೆಗೆ ಅದು ನಿಂತಿತು. ಮುಂದೇನು ಎಂಬುದರಲ್ಲಿ ಆ ದೇಶದ ಸಂಸತ್ತು ಒಮ್ಮತಕ್ಕೆ ಬರಲಿಲ್ಲ. ಆಗಸ್ಟ್ 8ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ನಾಲ್ಕು ಆದೇಶಗಳಿಗೆ ಸಹಿ ಹಾಕಿದರು. ಕಷ್ಟ ಇನ್ನು ತೀರಿತು ಎಂದು ಅನೇಕರು ನಂಬಿದರು.

ತಪ್ಪು ಕಲ್ಪನೆ: ಅಧ್ಯಕ್ಷರ ಆದೇಶವೆಂದರೆ ನಮ್ಮ ಸುಗ್ರೀವಾಜ್ಞೆಯಂತೆ.

ಸತ್ಯ: ನಮ್ಮ ಸಂವಿಧಾನದ 123ನೇ ವಿಧಿಯಡಿ ಹೊರಡುವ ಸುಗ್ರೀವಾಜ್ಞೆಗೆ ಕಾನೂನಿನ ಬಲವಿದೆ, ಸಂಸತ್ತು ಮತ್ತೆ ಸೇರಿದ ಆರು ವಾರದೊಳಗೆ ಅದಕ್ಕೆ ಒಪ್ಪಿಗೆ ಬೇಕು. ಅಮೆರಿಕದ ಅಧ್ಯಕ್ಷರಿಗೆ ಅಂಥ ಅಧಿಕಾರವೇ ಇಲ್ಲ. ಈಗಾಗಲೇ ಇರುವ ಕಾನೂನಿನ ಚೌಕಟ್ಟಿನೊಳಗೆ ಅಧಿಕಾರಿಗಳಿಗೆ ನಿರ್ದೇಶನ ಕೊಡಬಹುದು, ಅಷ್ಟೇ. ಕಾನೂನಿನ ಮೂಲಕ ಮಂಜೂರಾಗದ ಹಣವನ್ನು ಖಜಾನೆಯಿಂದ ತೆಗೆಯುವಂತಿಲ್ಲ ಎಂದು ಅಲ್ಲಿನ ಸಂವಿಧಾನವೇ ಹೇಳುತ್ತದೆ.

ತಪ್ಪು ಕಲ್ಪನೆ: ನಿರುದ್ಯೋಗಿಗಳಿಗೆ ವಾರಕ್ಕೆ 400 ಡಾಲರ್ ಹೊಸ ನೆರವು ಬಂತು.

ಸತ್ಯ: ಹೊಸ ಹಣ ಒಂದು ಡಾಲರೂ ಹುಟ್ಟಲಿಲ್ಲ. ಚಂಡಮಾರುತ, ಪ್ರವಾಹಗಳಿಗೆಂದು ಮೀಸಲಿದ್ದ ವಿಪತ್ತು ಪರಿಹಾರ ನಿಧಿಯಿಂದ 44 ಶತಕೋಟಿ ಡಾಲರ್‌ವರೆಗೆ ಬಳಸಲು ಅನುಮತಿ ಸಿಕ್ಕಿತು. ಅದರಿಂದ 300 ಡಾಲರ್, ಉಳಿದ 100 ರಾಜ್ಯಗಳ ಪಾಲು. ತೆರಿಗೆ ಆದಾಯ ಕುಸಿದಿದ್ದ ರಾಜ್ಯಗಳಿಗೆ ಅದು ಭಾರವಾಯಿತು. ಹೆಚ್ಚಿನ ಕಡೆ ಜನರ ಕೈಗೆ ಬಂದದ್ದು 300 ಮಾತ್ರ. ವಾರಕ್ಕೆ 100 ಡಾಲರ್‌ಗಿಂತ ಕಡಿಮೆ ಭತ್ಯೆ ಪಡೆಯುತ್ತಿದ್ದವರು, ಅಂದರೆ ತೀರಾ ಕಡಿಮೆ ದುಡಿಮೆಯವರು, ಪಟ್ಟಿಯಿಂದಲೇ ಹೊರಗುಳಿದರು. ಸುಮಾರು ಆರು ವಾರಗಳ ನೆರವಿಗೇ ನಿಧಿ ಬರಿದಾಗತೊಡಗಿತು.

ತಪ್ಪು ಕಲ್ಪನೆ: ಸಂಬಳದ ಮೇಲಿನ ತೆರಿಗೆ ಮನ್ನಾ ಆಯಿತು.

ಸತ್ಯ: ಅದು ಮುಂದೂಡಿಕೆ, ಮನ್ನಾ ಅಲ್ಲ. ನೌಕರರ ಸಂಬಳದಿಂದ ಸಾಮಾಜಿಕ ಭದ್ರತೆಗೆಂದು ಕಡಿತವಾಗುವ ಶೇ. 6.2ರಷ್ಟು ಹಣವನ್ನು ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಹಿಡಿಯದೆ ಬಿಡಬಹುದಿತ್ತು. ಆ ಬಾಕಿ 2021ರಲ್ಲಿ ತೀರಿಸಲೇಬೇಕಿತ್ತು. ಹಾಗಾಗಿ ಅನೇಕ ಖಾಸಗಿ ಕಂಪನಿಗಳು ಈ ಗೋಜಿಗೇ ಹೋಗಲಿಲ್ಲ. ತೆರಿಗೆಯನ್ನೇ ರದ್ದು ಮಾಡುವ ಅಧಿಕಾರ ಸಂಸತ್ತಿನದು.

ತಪ್ಪು ಕಲ್ಪನೆ: ಬಾಡಿಗೆದಾರರನ್ನು ಮನೆಯಿಂದ ಹೊರಹಾಕುವುದಕ್ಕೆ ಅಂದೇ ತಡೆ ಬಿತ್ತು.

ಸತ್ಯ: ತಡೆ ಅಗತ್ಯವೇ ಎಂದು ಪರಿಶೀಲಿಸಿ ಎಂದಷ್ಟೇ ಆ ಆದೇಶ ಅಧಿಕಾರಿಗಳಿಗೆ ಹೇಳಿತ್ತು. ಸೆಪ್ಟೆಂಬರ್‌ನಲ್ಲಿ ರೋಗ ನಿಯಂತ್ರಣ ಕೇಂದ್ರ ತಡೆ ಹೇರಿತು. ಆಮೇಲೆ ಅಧ್ಯಕ್ಷರು ಬದಲಾದರು, ತಡೆ ಮುಂದುವರಿಯಿತು. 2021ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು: ಇಂಥ ತಡೆ ಮುಂದುವರಿಯಬೇಕಾದರೆ ಸಂಸತ್ತೇ ಸ್ಪಷ್ಟ ಅಧಿಕಾರ ಕೊಡಬೇಕು.

ತಪ್ಪು ಕಲ್ಪನೆ: ಹಾಗಾದರೆ ಅಧ್ಯಕ್ಷರ ಕೈಯಲ್ಲಿ ಏನೂ ಇಲ್ಲ.

ಸತ್ಯ: ಕಾನೂನು ಮೊದಲೇ ದಾರಿ ಬಿಟ್ಟಿರುವಲ್ಲಿ ಆದೇಶ ನಿಜಕ್ಕೂ ಕೆಲಸ ಮಾಡುತ್ತದೆ. ಶಿಕ್ಷಣ ಸಾಲದ ಕಂತು, ಬಡ್ಡಿಗಳಿಗೆ ಸಿಕ್ಕಿದ್ದ ವಿರಾಮ ಅದೇ ಆಗಸ್ಟ್ ಆದೇಶದಿಂದ ವರ್ಷದ ಕೊನೆವರೆಗೆ ಮುಂದುವರಿಯಿತು. ಆದರೆ ಅದೇ ಸಾಲವನ್ನು ದೊಡ್ಡ ಪ್ರಮಾಣದಲ್ಲಿ ಮನ್ನಾ ಮಾಡಲು ಮುಂದಿನ ಅಧ್ಯಕ್ಷ ಜೋ ಬೈಡನ್ ಹೊರಟಾಗ 2023ರ ಜೂನ್ 30ರಂದು ಸುಪ್ರೀಂ ಕೋರ್ಟ್ ತಡೆಯಿತು. ಪಕ್ಷ ಯಾವುದಾದರೂ ಗೆರೆ ಒಂದೇ.

ವಾರಕ್ಕೆ 300 ಡಾಲರ್‌ನ ನೆರವು ಮತ್ತೆ ಬಂದದ್ದು 2020ರ ಡಿಸೆಂಬರ್‌ನಲ್ಲಿ ಸಂಸತ್ತು ಮಸೂದೆ ಅಂಗೀಕರಿಸಿದ ಮೇಲೆಯೇ. ಸಂಕಟದಲ್ಲಿ ನಾಯಕರೊಬ್ಬರು ಪೆನ್ನು ಹಿಡಿದು ಭರವಸೆ ಕೊಟ್ಟಾಗ ನಾವು ಮೂರು ಪ್ರಶ್ನೆ ಕೇಳಬೇಕು: ಹಣ ಎಲ್ಲಿಂದ? ಯಾವ ಕಾನೂನಿನಡಿ? ಎಷ್ಟು ದಿನ? ಉತ್ತರವಿಲ್ಲದಿದ್ದರೆ, ಹಣ ಮಂಜೂರು ಮಾಡಬೇಕಾದ ಜನಪ್ರತಿನಿಧಿಗಳನ್ನು ಹಿಡಿದು ಕೇಳಬೇಕು.