ಖಾಲಿ ಮನೆಗೆ ಬಾಡಿಗೆಯವರು ಬರಬೇಕಾದರೆ

ಮನೆ ಇದೆ. ಬೀಗ ಹಾಕಿದೆ. ಬೀಗಕ್ಕೆ ತುಕ್ಕು ಹಿಡಿದಿದೆ. ಬಾಡಿಗೆಗೆ ಕೇಳುವವರಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಇಂಥ ಮನೆಗಳನ್ನು ನೀವೂ ನೋಡಿರುತ್ತೀರಿ. ಗಂಡ ಇದ್ದಾಗ ಸಾಲ ಸೋಲ ಮಾಡಿ ಒಂದು ಸಣ್ಣ ಮನೆ ಕಟ್ಟಿರುತ್ತಾರೆ. "ಮುಂದೆ ನಿನ್ನ ಕೈಖರ್ಚಿಗೆ ಆಗುತ್ತೆ" ಅಂತ ಹೇಳಿರುತ್ತಾರೆ. ಗಂಡ ಹೋದ ಮೇಲೆ ಆ ಬಾಡಿಗೆಯೇ ಆಕೆಗೆ ಆಧಾರ. ಮಾತ್ರೆ, ಎಣ್ಣೆ, ಬೇಳೆ, ಮೊಮ್ಮಗುವಿನ ಕೈಗೆ ಹತ್ತು ರೂಪಾಯಿ ಎಲ್ಲಾ ಅದರಲ್ಲೇ. ಮನೆ ಖಾಲಿ ಬಿದ್ದರೆ ಮಕ್ಕಳ ಮುಂದೆ ಕೈ ಚಾಚಬೇಕು.

ಖಾಲಿ ಮನೆ ಸುಮ್ಮನೆ ಕೂರುವುದೂ ಇಲ್ಲ. ಕಂದಾಯ ಕೇಳುತ್ತೆ. ಗೆದ್ದಲು ಹಿಡಿಯುತ್ತೆ. ಮಳೆಗೆ ಸೋರಿದರೆ ನೋಡುವವರಿಲ್ಲ. ಆಮೇಲೆ ಊರಿನ ಬಾಯಿ ಬೇರೆ. "ಆ ಮನೇಲಿ ಏನೋ ಐತೆ ಕಣಕ್ಕ, ಅದಕ್ಕೇ ಯಾರೂ ನಿಲ್ಲಲ್ಲ" ಅಂತ ಶುರುವಾಗುತ್ತೆ.

ಮನೇಲಿ ಏನೂ ಇರಲ್ಲ. ಕಾರಣ ಬೇರೆಲ್ಲೋ ಇರುತ್ತೆ. ಅದನ್ನು ಹುಡುಕಬೇಕು. ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ. ನಮ್ಮ ಊರಿಗೆ ಬಾಡಿಗೆಗೆ ಬರುವವರು ಯಾರು? ಯಾಕೆ ಬರುತ್ತಾರೆ?

ಮಂಡ್ಯವನ್ನೇ ನೋಡಿ. 1933ರಲ್ಲಿ ಇಲ್ಲಿ ಸಕ್ಕರೆ ಕಂಪನಿ ಶುರುವಾಯಿತು. ಅದೇ ಮೈಷುಗರ್. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆ ಆಯಿತು. ಕಚೇರಿ, ಕೋರ್ಟು ಬಂದವು. 1962ರಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಬಂತು. ಮುಂದೆ ಮಿಮ್ಸ್ ವೈದ್ಯಕೀಯ ಕಾಲೇಜೂ ಆಯಿತು. ಒಂದೊಂದು ಬಂದಾಗಲೂ ಅದರ ಹಿಂದೆ ಬಾಡಿಗೆ ಮನೆ ಹುಡುಕುವ ಜನ ಬಂದರು. ಕೆಲಸ ನಿಂತರೆ ಜನವೂ ಹೋಗುತ್ತಾರೆ. ಮೈಷುಗರ್ ಕಾರ್ಖಾನೆ ಕೆಲವು ವರ್ಷ ನಿಂತೇ ಹೋಗಿತ್ತು. 2022ರಲ್ಲಿ ಮತ್ತೆ ಕಬ್ಬು ಅರೆಯಲು ಶುರುಮಾಡಿತು.

ಮದ್ದೂರಿನ ಲೆಕ್ಕ ಬೇರೆ. ಅಲ್ಲಿ ರೈಲು ನಿಲ್ಲುತ್ತೆ. ಬೆಂಗಳೂರಿಗೆ ದಿನಾ ಹೋಗಿ ಬರುವವರಿಗೆ ಸ್ಟೇಷನ್ ಹತ್ತಿರದ ಮನೆ ಬೇಕು. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ವ್ಯಾನು ನಿಲ್ಲುವ ಜಾಗದ ಹತ್ತಿರ ಬೇಕು. ಎಳನೀರು ಮಾರುಕಟ್ಟೆಯಲ್ಲಿ ದುಡಿಯುವವರಿಗೆ ಕಡಿಮೆ ಬಾಡಿಗೆಯ ಮನೆ ಬೇಕು. ಮಳವಳ್ಳಿಗೆ ರೈಲಿಲ್ಲ. ಎಲ್ಲಾ ಬಸ್ಸೇ. ಅಲ್ಲಿಗೆ ಬರುವವರು ಹೆಚ್ಚಾಗಿ ಮೇಷ್ಟ್ರು, ನರ್ಸಮ್ಮ, ಬ್ಯಾಂಕಿನವರು, ತಾಲ್ಲೂಕು ಕಚೇರಿಯವರು. ವರ್ಗವಾಗಿ ಬರುತ್ತಾರೆ, ವರ್ಗವಾಗಿ ಹೋಗುತ್ತಾರೆ.

ಈಚೆಗೆ ಎರಡು ಬದಲಾವಣೆ ಆಗಿವೆ. 2023ರ ಮಾರ್ಚಿಯಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆ ಆಯಿತು. ದೊಡ್ಡ ಗಾಡಿಗಳು ಮಂಡ್ಯದ ಒಳಗೆ ಬರದೆ ಹೊರಗೇ ಹೋಗಿಬಿಡುತ್ತವೆ. ಹಳೇ ರಸ್ತೆಯ ಹೋಟೆಲು, ಅಂಗಡಿ ನಂಬಿ ಬಂದವರಿಗೆ ಅದರ ಬಿಸಿ ತಟ್ಟಿದೆ. ಅದೇ ವರ್ಷ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟು ಉಚಿತ ಆಯಿತು. ಒಳ್ಳೆಯದೇ. ಆದರೆ ಬಸ್ಸಿಗೆ ದುಡ್ಡಿಲ್ಲ ಅಂದಮೇಲೆ ಹಳ್ಳಿಯ ಹುಡುಗಿ ಊರಿಂದಲೇ ಕಾಲೇಜಿಗೆ ಬಂದು ಹೋಗಬಹುದು. ರೂಮು ಯಾಕೆ ಮಾಡಬೇಕು?

ಹಾಗಾದರೆ ನಿಮ್ಮ ಮನೆ ಯಾರಿಗೆ ಬೇಕು? ಬಾಗಿಲಲ್ಲಿ ನಿಂತು ನೋಡಿ. ಬೆಳಿಗ್ಗೆ ಆ ಬೀದಿಯಲ್ಲಿ ಯಾರು ನಡೆದು ಹೋಗುತ್ತಾರೆ? ಕಾಲೇಜು ಹುಡುಗರೋ, ಆಸ್ಪತ್ರೆ ನರ್ಸುಗಳೋ, ಮಗುವನ್ನು ಶಾಲೆಗೆ ಬಿಡುವ ತಾಯಂದಿರೋ? ಅವರೇ ನಿಮ್ಮ ಗಿರಾಕಿ. ಬಾಡಿಗೆಯವರಿಗೆ ಮನೆ ಚೆಂದ ಇದ್ದರೆ ಸಾಲದು. ಅವರ ದಿನದ ಓಡಾಟಕ್ಕೆ ಹತ್ತಿರ ಇರಬೇಕು.

ಕಾಲವನ್ನೂ ನೋಡಬೇಕು. ಆಷಾಢದಲ್ಲಿ ಮನೆ ಬದಲಾಯಿಸುವವರು ಕಡಿಮೆ. ಧನುರ್ಮಾಸದಲ್ಲೂ ಹಾಗೇ. ಶಾಲೆ ಶುರುವಾಗುವ ಮುಂಚೆ, ಏಪ್ರಿಲ್, ಮೇ ತಿಂಗಳಲ್ಲಿ ಜನ ಮನೆ ಹುಡುಕುತ್ತಾರೆ. ಯುಗಾದಿ ಹೊತ್ತಿಗೆ ಸುಣ್ಣ ಬಳಿದು ಬೋರ್ಡು ಹಾಕಿದರೆ ಸರಿ. ಆಷಾಢದಲ್ಲಿ ಬೋರ್ಡು ಹಾಕಿ "ಒಬ್ಬರೂ ಬರಲಿಲ್ಲ" ಅಂದರೆ ತಪ್ಪು ಮನೆಯದಲ್ಲ.

ಈಗ ಮನೆ ಒಳಗೆ ಬನ್ನಿ. ನಿಮ್ಮ ಮನೆ ಅಂತ ನೋಡಬೇಡಿ. ಬೇರೆಯವರ ಮನೆ ನೋಡಲು ಹೋದ ಹಾಗೆ ನೋಡಿ.

ಮನೆ ನೋಡಲು ಗಂಡ ಹೆಂಡತಿ ಬರುತ್ತಾರೆ. ಗಂಡಸು ಹಾಲಿನಲ್ಲಿ ನಿಂತು ಬಾಡಿಗೆ ಕೇಳುತ್ತಾನೆ. ಹೆಂಗಸು ನೇರ ಅಡುಗೆಮನೆಗೆ ಹೋಗುತ್ತಾಳೆ. ನಲ್ಲಿ ತಿರುಗಿಸುತ್ತಾಳೆ. ಬಚ್ಚಲ ಬಾಗಿಲಿನ ಚಿಲಕ ಹಾಕಿ ನೋಡುತ್ತಾಳೆ. ಮನೆ ಬೇಕೋ ಬೇಡವೋ ಅನ್ನೋದು ಅಲ್ಲೇ ಮುಗಿಯಿತು! ನಲ್ಲಿ ತೊಟ್ಟಿಕ್ಕಬಾರದು. ಚಿಲಕ ಬೀಳಬೇಕು. ಬಚ್ಚಲ ನೀರು ನಿಲ್ಲದೆ ಹೋಗಬೇಕು. ಬಟ್ಟೆ ಒಣಗಿಸಲು ಒಂದು ತಂತಿ ಕಟ್ಟಿ. ನಮ್ಮ ಕಡೆ ನಾಲೆ, ಗದ್ದೆ ಹೆಚ್ಚು. ಸೊಳ್ಳೆ ಕಾಟ ಗೊತ್ತೇ ಇದೆ. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿದರೆ ಕೈಗೂಸು ಇರುವ ತಾಯಿ ಅದನ್ನೇ ನೋಡಿ ಒಪ್ಪುತ್ತಾಳೆ. ಇದಕ್ಕೆಲ್ಲ ಬಹಳ ದುಡ್ಡು ಬೇಕಿಲ್ಲ. ಮುಂದಿನ ಬಾಗಿಲಿಗೆ ಹೊಸ ಬಣ್ಣ ಹೊಡೆಸಿ ಬಚ್ಚಲನ್ನು ಹಾಗೇ ಬಿಡುವವರಿದ್ದಾರೆ. ನನಗೆ ಅದು ಅರ್ಥವಾಗುವುದಿಲ್ಲ.

ಬಾಗಿಲು ದಕ್ಷಿಣಕ್ಕಿದ್ದರೆ ಕೆಲವರು ಬರಲ್ಲ, ನಿಜ. ಅದಕ್ಕಾಗಿ ಗೋಡೆ ಒಡೆದು ಬಾಗಿಲು ತಿರುಗಿಸಬೇಡಿ. ಆ ಸಾಲ ತೀರಿಸಲು ಎಷ್ಟೋ ವರ್ಷದ ಬಾಡಿಗೆ ಬೇಕಾಗುತ್ತೆ. ದಿಕ್ಕು ಕೇಳದ ಜನರೂ ಬೇಕಾದಷ್ಟು ಇದ್ದಾರೆ.

ಕರೆಂಟಿನ ಮೀಟರು ಮಾತ್ರ ಬೇರೆಯೇ ಇರಬೇಕು. ಇದು ಈಗ ದೊಡ್ಡ ವಿಷಯ. 2023ರ ಜುಲೈನಿಂದ ಗೃಹಜ್ಯೋತಿ ಯೋಜನೆ ಬಂದಿದೆ. ಬಾಡಿಗೆ ಮನೆಯವರಿಗೂ ಅದು ಸಿಗುತ್ತೆ. ಎಷ್ಟು ಯೂನಿಟ್ ಉಚಿತ ಅನ್ನೋದನ್ನು ಹಿಂದಿನ ಬಳಕೆ ನೋಡಿ ಗೊತ್ತು ಮಾಡುತ್ತಾರೆ. ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರಾ ಬಿಲ್ಲು ಕಟ್ಟಬೇಕು. ನಿಮ್ಮ ಮನೆಗೂ ಬಾಡಿಗೆ ಮನೆಗೂ ಒಂದೇ ಮೀಟರು ಇದ್ದರೆ ಎರಡು ಸಂಸಾರದ ಬಳಕೆ ಸೇರಿ 200 ದಾಟಬಹುದು. ಆಗ ಇಬ್ಬರಿಗೂ ನಷ್ಟ, ಜಗಳ ಬೇರೆ. ಹಿಂದಿನ ಬಾಡಿಗೆಯವರು ಆಧಾರ್ ಜೋಡಿಸಿದ್ದರೆ ಅವರು ಹೋಗುವಾಗ ಅದನ್ನು ಬಿಡಿಸಿಕೊಂಡು ಹೋಗಲು ಹೇಳಿ. ಇಲ್ಲದಿದ್ದರೆ ಹೊಸಬರು ಅರ್ಜಿ ಹಾಕುವಾಗ ತೊಡಕಾಗುತ್ತೆ.

ಇನ್ನು ಬಾಡಿಗೆ ಎಷ್ಟು ಹೇಳಬೇಕು? ಒಂದು ಲೆಕ್ಕ ಮಾಡೋಣ. ಪೆನ್ಸಿಲು ತಗೊಳ್ಳಿ.

ನೀವು ತಿಂಗಳಿಗೆ 5,000 ರೂಪಾಯಿ ಕೇಳುತ್ತೀರಿ. ಬಂದವರು 4,500 ಅನ್ನುತ್ತಾರೆ. ನೀವು ಒಪ್ಪಲಿಲ್ಲ. ಮನೆ ನಾಲ್ಕು ತಿಂಗಳು ಖಾಲಿ ಬಿತ್ತು. ಆಮೇಲೆ 5,000ಕ್ಕೇ ಹೋಯಿತು. ಆ ವರ್ಷ ನಿಮಗೆ ಸಿಕ್ಕಿದ್ದು ಎಂಟು ತಿಂಗಳ ಬಾಡಿಗೆ. ಎಂಟು ಐದಲಿ ನಲವತ್ತು. 40,000 ರೂಪಾಯಿ. ಮೊದಲೇ 4,500ಕ್ಕೆ ಕೊಟ್ಟಿದ್ದರೆ? ಹನ್ನೆರಡು ತಿಂಗಳಿಗೆ 54,000 ರೂಪಾಯಿ. ತಿಂಗಳಿಗೆ 500 ಉಳಿಸಲು ಹೋಗಿ 14,000 ಕಳೆದಂತಾಯಿತು. ಎರಡೇ ತಿಂಗಳು ಖಾಲಿ ಇದ್ದರೂ 50,000 ಮಾತ್ರ. ಆಗಲೂ ನಷ್ಟವೇ. ಹಾಗಂತ ಕೇಳಿದಷ್ಟಕ್ಕೆಲ್ಲ ಕೊಟ್ಟುಬಿಡಿ ಅಂತ ಅಲ್ಲ. ಅದೇ ಬೀದಿಯ ಮೂರು ನಾಲ್ಕು ಮನೆಗಳಲ್ಲಿ ಎಷ್ಟಿದೆ ಅಂತ ಬಾಡಿಗೆಯವರನ್ನೇ ಕೇಳಿ. ಮಾಲೀಕರು ಹೇಳೋದು ಒಂದು, ಬಾಡಿಗೆಯವರು ಕೊಡೋದು ಇನ್ನೊಂದು.

ಅಡ್ವಾನ್ಸೂ ಹಾಗೆಯೇ. ತಿಂಗಳ ಸಂಬಳ ನಂಬಿದ ಹುಡುಗಿಯರ ಕೈಯಲ್ಲಿ ಒಂದೇ ಸಲ ಐವತ್ತು ಸಾವಿರ ಎಲ್ಲಿ ಇರುತ್ತೆ? ಎರಡು ಮೂರು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಸಾಕು ಅಂದರೆ ಬರುವವರ ಸಂಖ್ಯೆ ಹೆಚ್ಚುತ್ತೆ.

ಒಂದು ಕಷ್ಟದ ಮಾತು ಹೇಳಬೇಕು. ಮನೆ ಕೇಳಲು ಬಂದವರನ್ನು ನಾವು ಮೊದಲು ಏನು ಕೇಳುತ್ತೇವೆ? "ನೀವು ಯಾವ ಜನ?" ಆಮೇಲೆ "ಬಾಡು ತಿಂತೀರಾ?" ಆಮೇಲೆ "ಗಂಡ ಎಲ್ಲಿ?" ದಲಿತರು ಬೇಡ, ಸಾಬರು ಬೇಡ, ಒಂಟಿ ಹೆಂಗಸು ಬೇಡ, ಮದುವೆಯಾಗದ ಹುಡುಗರು ಬೇಡ. ಇಷ್ಟೆಲ್ಲ ಬೇಡ ಅಂದಮೇಲೆ ಉಳಿಯೋದು ಯಾರು? ಆಮೇಲೆ "ಯಾರೂ ಬರ್ತಿಲ್ಲ" ಅಂತೀವಿ.

ಅಂಬೇಡ್ಕರರು ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ 1917ರಲ್ಲಿ ಬರೋಡಕ್ಕೆ ಕೆಲಸಕ್ಕೆ ಹೋದರು. ಅಷ್ಟು ಓದಿದವರಿಗೆ ಆ ಊರಿನಲ್ಲಿ ಇರಲು ಒಂದು ಜಾಗ ಸಿಗಲಿಲ್ಲ. ಜಾತಿ ಮುಚ್ಚಿಟ್ಟು ಪಾರ್ಸಿಗಳ ಛತ್ರದಲ್ಲಿ ಉಳಿದರು. ಗೊತ್ತಾದ ಮೇಲೆ ಜನ ಕೋಲು ಹಿಡಿದು ಬಂದು ಹೊರಗೆ ಹಾಕಿದರು. ಅವರು ಕೆಲಸ ಬಿಟ್ಟು ಮುಂಬಯಿಗೆ ವಾಪಸ್ಸಾದರು. ಆ ಮನೆಗಳವರಿಗೆ ಬಾಡಿಗೆಯೂ ಹೋಯಿತು, ಮರ್ಯಾದೆಯೂ ಹೋಯಿತು. ಬಾಡಿಗೆ ಸರಿಯಾಗಿ ಕೊಡುತ್ತಾರಾ, ಎಲ್ಲಿ ಕೆಲಸ, ಮನೆಯಲ್ಲಿ ಎಷ್ಟು ಜನ? ಮಾಲೀಕರು ಕೇಳಬೇಕಾದ್ದು ಇದು. ಜಾತಿ ಬಾಡಿಗೆ ಕಟ್ಟುವುದಿಲ್ಲ.

ಮನೆ ಖಾಲಿ ಇರೋದು ನಾಲ್ಕು ಜನಕ್ಕೆ ಗೊತ್ತಾಗಬೇಕು. ಹಾಲಿನ ಡೈರಿ, ರೇಷನ್ ಅಂಗಡಿ, ಸ್ತ್ರೀಶಕ್ತಿ ಸಂಘದ ಸಭೆ, ಅಂಗನವಾಡಿ ಎಲ್ಲಾ ಕಡೆ ಹೇಳಿ. ಆಸ್ಪತ್ರೆಯ ಆಯಾಗಳಿಗೆ, ಕಾಲೇಜಿನ ಜವಾನರಿಗೆ ಹೇಳಿ. ಹೊಸದಾಗಿ ಊರಿಗೆ ಬಂದವರು ಮೊದಲು ಅವರನ್ನೇ ಕೇಳುವುದು. ಬ್ರೋಕರ್‌ಗೆ ಹೇಳಿದರೆ ಅವರ ಕಮಿಷನ್ ಎಷ್ಟು ಅಂತ ಮೊದಲೇ ಮಾತಾಡಿ.

ಬೋರ್ಡು ಮಾತ್ರ ನೀವೇ ಬರೆಯಿರಿ. ನಿಮಗೆ ಈಗ ಬರೆಯಲು ಬರುತ್ತೆ. ಬರೀ "ಮನೆ ಬಾಡಿಗೆಗೆ ಇದೆ" ಅಂದರೆ ಸಾಲದು. ಹೀಗೆ ಬರೆಯಬಹುದು:

ಮನೆ ಬಾಡಿಗೆಗೆ ಇದೆ
ಒಂದು ರೂಮು, ಹಾಲು, ಅಡುಗೆಮನೆ
ಒಳಗೇ ಬಚ್ಚಲು, ಕಕ್ಕಸು
ಬೇರೆ ಮೀಟರು, ಬೋರ್ ನೀರು ಇದೆ
ರೈಲ್ವೆ ಸ್ಟೇಷನ್ನಿಗೆ ಹತ್ತು ನಿಮಿಷ ನಡಿಗೆ
ಬಾಡಿಗೆ 4,500

ಕೆಳಗೆ ಫೋನ್ ನಂಬರು ದಪ್ಪಗೆ ಬರೆಯಿರಿ. ಇದ್ದದ್ದನ್ನೇ ಬರೆಯಿರಿ. ನಡೆದು ನೋಡದೆ "ಹತ್ತು ನಿಮಿಷ" ಅನ್ನಬೇಡಿ. ಮಗಳಿಗೋ ಮೊಮ್ಮಗನಿಗೋ ಹೇಳಿ ಅದರ ಫೋಟೋ ವಾಟ್ಸ್‌ಆಪ್‌ನಲ್ಲಿ ಕಳಿಸಿ.

ಫೋನ್ ನಂಬರು ಹೊರಗೆ ಹೋದ ಮೇಲೆ ಎಚ್ಚರವೂ ಬೇಕು. ಒಬ್ಬ ಫೋನ್ ಮಾಡುತ್ತಾನೆ. "ನಾನು ಮಿಲಿಟರಿಯವನು, ವರ್ಗವಾಗಿದೆ. ಮನೆ ನೋಡೋದು ಬೇಡ, ಈಗಲೇ ಅಡ್ವಾನ್ಸ್ ಹಾಕ್ತೀನಿ. ಒಂದು ಚಿತ್ರ ಕಳಿಸ್ತೀನಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅನ್ನುತ್ತಾನೆ. ಒತ್ತಿದರೆ ನಿಮ್ಮ ಖಾತೆಯ ದುಡ್ಡು ಹೋಯಿತು! ದುಡ್ಡು ನಮ್ಮ ಖಾತೆಗೆ ಬರಲು ಪಿನ್ ಒತ್ತುವ ಅಗತ್ಯವೇ ಇಲ್ಲ. ದುಡ್ಡು ಕೊಡುವಾಗ ಮಾತ್ರ ಪಿನ್. ಹಾಗೆ ಏನಾದರೂ ಆದರೆ ತಡ ಮಾಡದೆ 1930 ನಂಬರಿಗೆ ಫೋನ್ ಮಾಡಿ. ಮನೆ ನೋಡದೆ ಅಡ್ವಾನ್ಸ್ ಕೊಡುವವರನ್ನು ನಂಬಬೇಡಿ.

ಬಾಡಿಗೆಗೆ ಯಾರೂ ಬರದೆ ಬೇಸತ್ತಾಗ "ಭೋಗ್ಯಕ್ಕೆ ಕೊಟ್ಟುಬಿಡಮ್ಮ" ಅಂತ ಯಾರಾದರೂ ಹೇಳುತ್ತಾರೆ. ಕೆಲವರು ಲೀಸ್ ಅನ್ನುತ್ತಾರೆ. ಭೋಗ್ಯ ಅಂದರೆ ಅವರು ಒಂದೇ ಸಲ ದೊಡ್ಡ ಮೊತ್ತ ಕೊಡುತ್ತಾರೆ. ತಿಂಗಳ ಬಾಡಿಗೆ ಇಲ್ಲ. ಕರಾರು ಮುಗಿದ ದಿನ ನೀವು ಆ ಮೊತ್ತವನ್ನು ಪೂರಾ ವಾಪಸ್ಸು ಕೊಡಬೇಕು. ಮೂರು ಲಕ್ಷ ಕೈಗೆ ಬಂದರೆ ಯಾರಿಗೆ ಖುಷಿ ಆಗಲ್ಲ? ಮಗಳ ಮದುವೆಗೋ ಮಗನ ಆಟೋಗೋ ಹೋಗುತ್ತೆ. ಮೂರು ವರ್ಷ ಆದ ಮೇಲೆ "ನಮ್ಮ ದುಡ್ಡು ಕೊಡಿ, ಮನೆ ಬಿಡ್ತೀವಿ" ಅಂತಾರೆ. ದುಡ್ಡೆಲ್ಲಿ? ಹೊಸ ಭೋಗ್ಯದವರು ಸಿಗಬೇಕು. ಮೊದಲೇ ಜನ ಬಾರದ ಮನೆ! ಕೊನೆಗೆ ಬಡ್ಡಿ ಸಾಲ, ಆಮೇಲೆ ಮನೆಯನ್ನೇ ಮಾರುವ ಮಾತು. ಮೂರು ವರ್ಷ ತಿಂಗಳ ಬಾಡಿಗೆಯೂ ಇರಲಿಲ್ಲ. ಬಾಡಿಗೆಯಿಂದಲೇ ಬದುಕುವ ಹೆಂಗಸಿಗೆ ಭೋಗ್ಯ ಒಳ್ಳೆಯದಲ್ಲ ಅಂತಲೇ ನಾನು ಹೇಳುವುದು. ಕೊಡಲೇಬೇಕಾದರೆ ಆ ದುಡ್ಡನ್ನು ನಿಮ್ಮದೇ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಿ.

ಯಾವುದೇ ಆದರೂ ಬರವಣಿಗೆಯಲ್ಲಿ ಇರಲಿ. ಬಾಡಿಗೆ ಕರಾರನ್ನು ಸಾಮಾನ್ಯವಾಗಿ 11 ತಿಂಗಳಿಗೆ ಬರೆಯುತ್ತಾರೆ. ಯಾಕೆ ಗೊತ್ತೆ? 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ದಾಟಿದ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಎರಡು ಮೂರು ವರ್ಷದ ಭೋಗ್ಯದ ಪತ್ರಕ್ಕೂ ಈ ಮಾತು ನೆನಪಿರಲಿ.

ಕರಾರು ಪತ್ರದಲ್ಲಿ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಯಾವ ತಾರೀಖಿಗೆ ಕೊಡಬೇಕು, ಬಿಡುವ ಮುಂಚೆ ಎಷ್ಟು ದಿನ ಮೊದಲು ಹೇಳಬೇಕು, ಇಷ್ಟು ಇರಲೇಬೇಕು. ಮಾಲೀಕರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರೇ ಇದೆಯಾ ನೋಡಿ. ಮನೆ ನಿಮ್ಮ ಹೆಸರಿನಲ್ಲಿದ್ದು ಪತ್ರದಲ್ಲಿ ಮಗನ ಹೆಸರೋ ಮೈದುನನ ಹೆಸರೋ ಇದ್ದರೆ ಬಾಡಿಗೆ ಯಾರ ಕೈಗೆ ಹೋಗುತ್ತೆ ಹೇಳಿ? "ಟೈಪ್ ಆಗಿದೆ, ಇಲ್ಲಿ ಹೆಬ್ಬೆಟ್ಟು ಒತ್ತಮ್ಮ" ಅಂದರೆ ಒತ್ತಬೇಡಿ. ಕುರ್ಚಿ ಎಳೆದುಕೊಂಡು ಕೂತು, ನಿಧಾನವಾಗಿ ಓದಿ. ಅಕ್ಷರ ಕೂಡಿಸಿ ಓದಲು ಅರ್ಧ ಗಂಟೆ ಹಿಡಿದರೂ ಪರವಾಗಿಲ್ಲ, ಅವರು ಕಾಯಲಿ. ಆಮೇಲೆ ಪ್ರತಿ ಹಾಳೆಗೂ ಸಹಿ ಹಾಕಿ. ಒಂದು ಪ್ರತಿ ನಿಮ್ಮ ಪೆಟ್ಟಿಗೆಯಲ್ಲಿ ಇರಲಿ. ಜೊತೆಗೆ ಅವರ ಗುರುತಿನ ಚೀಟಿಯ ನಕಲು ಇಟ್ಟುಕೊಳ್ಳಿ.

ಕೀಲಿ ಕೊಡುವ ದಿನ ಅವರನ್ನು ಮೀಟರಿನ ಹತ್ತಿರ ಕರೆದುಕೊಂಡು ಹೋಗಿ. ಅಲ್ಲಿರುವ ಅಂಕಿಯನ್ನು ಇಬ್ಬರೂ ಓದಿ ಬರೆದುಕೊಳ್ಳಿ.