ಬಯಲಿಗೆ ಏರು ಕೊಟ್ಟ ಟ್ರ್ಯಾಕ್

ದೆಹಲಿ ದಾಟಿ ಗ್ರೇಟರ್ ನೋಯ್ಡಾ ಕಡೆಗೆ ಹೋದರೆ ಸಿಗುವುದು ಗಂಗೆ–ಯಮುನೆಯರ ನಡುವಿನ ಮಟ್ಟಸ ನೆಲ. ಬೇಸಾಯಕ್ಕೆ ಹೇಳಿ ಮಾಡಿಸಿದ ಇಂಥ ಭೂಮಿ ರೇಸಿಗೆ ಸಪ್ಪೆ. ಜೇಪಿ ಸಮೂಹ ಇಲ್ಲಿ ಫಾರ್ಮುಲಾ ಒನ್ ಟ್ರ್ಯಾಕ್ ಕಟ್ಟಲು ಹೊರಟಾಗ, ಸೆಪಾಂಗ್, ಶಾಂಘೈ ಟ್ರ್ಯಾಕ್‌ಗಳನ್ನು ರೂಪಿಸಿದ್ದ ಜರ್ಮನಿಯ ಹರ್ಮನ್ ಟಿಲ್ಕೆ ಮೊದಲು ಮಣ್ಣಿಗೇ ಕೈಹಾಕಿದರು. ಮಣ್ಣು ಪೇರಿಸಿ ದಿಬ್ಬ ಎಬ್ಬಿಸಿದರು. ಹಾಗೆ ಸಿದ್ಧವಾದದ್ದು 5.125 ಕಿ.ಮೀ. ಉದ್ದದ, 16 ತಿರುವುಗಳ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಗೌತಮ ಬುದ್ಧ ನಗರ ಜಿಲ್ಲೆಯಲ್ಲಿರುವುದರಿಂದ ಆ ಹೆಸರು.

ಟಿಲ್ಕೆಯವರ ಜಾಣ್ಮೆ ಕಾಣಬೇಕಾದರೆ ಮೂರನೇ ತಿರುವು ನೋಡಬೇಕು. ಕಾರು ಏರು ಹತ್ತುತ್ತಲೇ ಬಲಕ್ಕೆ ಹೊರಳಬೇಕು. ತಿರುವಿನ ಆಚೆ ಏನಿದೆಯೆಂದು ಚಾಲಕನಿಗೆ ಕಾಣುವುದಿಲ್ಲ. ರಸ್ತೆಯೋ ಧಾರಾಳ ಅಗಲ, ಹೊರಗಿನಿಂದಲೂ ನುಗ್ಗಬಹುದು, ಒಳಗಿನಿಂದಲೂ ನುಗ್ಗಬಹುದು. ಇಲ್ಲಿ ಆಕ್ಸಿಲರೇಟರ್ ಒತ್ತುವುದು ಒಂದು ಕ್ಷಣ ತಡವಾದರೂ ಮುಂದಿನ ಒಂದು ಕಿಲೋಮೀಟರಿಗೂ ಮಿಕ್ಕ ನೇರ ಹಾದಿಯುದ್ದಕ್ಕೂ ಅದಕ್ಕೆ ದಂಡ ತೆರಬೇಕು. ಗಂಟೆಗೆ 300 ಕಿ.ಮೀ. ದಾಟಿದ ವೇಗದಿಂದ ನಾಲ್ಕನೇ ತಿರುವಿಗೆ ಬ್ರೇಕ್ ಹಾಕುವಲ್ಲೇ ಓವರ್‌ಟೇಕ್. ಹತ್ತನೆಯದರಿಂದ ಶುರುವಾಗುವ ಬಲತಿರುವು ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಉದ್ದ; ಎಡ ಮುಂಭಾಗದ ಟೈರು ಅಷ್ಟೂ ಹೊತ್ತು ಭಾರ ಹೊತ್ತು ಸವೆಯುತ್ತದೆ. ತಿರುವಿನ ಅಂಚಿನ ಉಬ್ಬುಗಳಿಗೂ ಕರುಣೆಯಿಲ್ಲ. 2011ರಲ್ಲಿ ಫೆಲಿಪೆ ಮಾಸ್ಸಾ ಅವರ ಫೆರಾರಿ ಅರ್ಹತಾ ಸುತ್ತಿನಲ್ಲೊಮ್ಮೆ, ರೇಸಿನಲ್ಲೊಮ್ಮೆ ಅವುಗಳ ಮೇಲೆ ಹತ್ತಿ ಸಸ್ಪೆನ್ಷನ್ ಮುರಿದುಕೊಂಡಿತು.

2011ರ ಅಕ್ಟೋಬರ್ 30ರಂದು ಮೊದಲ ಇಂಡಿಯನ್ ಗ್ರಾಂಪ್ರಿ. ನಮ್ಮ ನಾರಾಯಣ್ ಕಾರ್ತಿಕೇಯನ್ ಅದರಲ್ಲಿ ಕಾರು ಓಡಿಸಿದರು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡಕ್ಕೆ ಇದು ತವರಿನ ರೇಸ್. ಅದರ ಆಡ್ರಿಯನ್ ಸುಟಿಲ್ ಒಂಬತ್ತನೆಯವರಾದರು. ಗೆದ್ದವರು ಸೆಬಾಸ್ಟಿಯನ್ ವೆಟಲ್. ಆಮೇಲಿನೆರಡು ವರ್ಷವೂ ಅವರದೇ ಗೆಲುವು. 2013ರಲ್ಲಿ ನಾಲ್ಕನೇ ವಿಶ್ವ ಕಿರೀಟ ಖಚಿತವಾದಾಗ ಅವರು ಟ್ರ್ಯಾಕಿನ ಮೇಲೇ ಗಿರಗಿರನೆ ಕಾರು ಸುತ್ತಿಸಿ, ಇಳಿದು ಅದಕ್ಕೆ ತಲೆಬಾಗಿದರು.

ಫಾರ್ಮುಲಾ ಒನ್ ಮತ್ತೆ ಇಲ್ಲಿಗೆ ಬರಲಿಲ್ಲ. ಇದು ಕ್ರೀಡೆಯೋ ಮನರಂಜನೆಯೋ, ಸುಂಕ ಎಷ್ಟು, ತೆರಿಗೆ ಯಾರು ಕಟ್ಟಬೇಕು ಎಂಬ ತಕರಾರಿನಲ್ಲಿ ರೇಸ್ ಸಿಕ್ಕಿಕೊಂಡಿತು. ಇಲ್ಲಿನ ಗಳಿಕೆಗೆ ಇಲ್ಲೇ ತೆರಿಗೆ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಸೋತದ್ದು ಲೆಕ್ಕಪತ್ರವೇ ಹೊರತು ಟ್ರ್ಯಾಕ್ ಅಲ್ಲ ಎಂದೇ ನನ್ನ ನಂಬಿಕೆ. 2023ರ ಸೆಪ್ಟೆಂಬರಿನಲ್ಲಿ ಮೋಟೊಜಿಪಿ ಬೈಕುಗಳು ಬಂದಾಗ ಇಟಲಿಯ ಮಾರ್ಕೊ ಬೆಜ಼ೆಕ್ಕಿ ಇದೇ ಏರು-ಇಳಿವುಗಳಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಗೆದ್ದರು.