ಗಣಕಯಂತ್ರದೊಳಗಣ ಇರುವೆಗೂಡು

ಇರುವೆಗಳ ಸಾಲನ್ನು ಕಾಣದವರು ನಮ್ಮಲ್ಲಿ ಯಾರೂ ಇಲ್ಲ. ಆ ಸಾಲಿನಲ್ಲಿ ತಾನೂ ಒಂದು ಇರುವೆಯಾಗಿ ನಡೆದರೆ ಹೇಗಿರುವುದೆಂದು ತೋರಿಸತಕ್ಕ ಆಟವೊಂದುಂಟು. ಅದರ ಹೆಸರು ಸಿಮ್‌ಆಂಟ್. ಅಮೆರಿಕಾ ದೇಶದ ವಿಲ್ ರೈಟ್ ಎಂಬವರು ರೂಪಿಸಿದ ಈ ಗಣಕಯಂತ್ರದ ಆಟವನ್ನು ಮ್ಯಾಕ್ಸಿಸ್ ಎಂಬ ಸಂಸ್ಥೆಯವರು 1991ನೆಯ ಇಸವಿಯಲ್ಲಿ ಹೊರತಂದರು. ಇರುವೆಗಳ ವಿಷಯದಲ್ಲಿ ಪ್ರಸಿದ್ಧ ಪಂಡಿತರಾದ ಎಡ್ವರ್ಡ್ ವಿಲ್ಸನ್ನರ ಬರಹಗಳೇ ಇದಕ್ಕೆ ಪ್ರೇರಣೆ.

ಆಟದ ರಂಗವು ಒಂದು ಮನೆಯ ಹಿತ್ತಲು. ಅಲ್ಲಿ ಕಪ್ಪಿರುವೆಗಳಿಗೂ ಕೆಂಪಿರುವೆಗಳಿಗೂ ಬದ್ಧವೈರ. ಆಡುವವರ ಪಕ್ಷವು ಕಪ್ಪು. ಆದರೆ ಅವರ ವಶದಲ್ಲಿರುವ ಒಂದೇ ಇರುವೆಗೆ ಹಳದಿ ಬಣ್ಣವನ್ನು ಕೊಟ್ಟಿದೆ. ಜೇಡ, ಮರಳಿನಲ್ಲಿ ಕುಳಿ ತೋಡಿ ಹೊಂಚುವ ಹುಳು, ಹುಲ್ಲು ಕತ್ತರಿಸುವ ಯಂತ್ರ, ಮನುಷ್ಯನ ಪಾದ, ಇವೆಲ್ಲವೂ ಅದಕ್ಕೆ ಮೃತ್ಯುವೇ. ಸತ್ತರೆ ಗೂಡಿನಲ್ಲಿ ಮತ್ತೊಂದು ಇರುವೆಯಾಗಿ ಹುಟ್ಟಬಹುದೆಂಬುದು ಆಟದ ಅನುಗ್ರಹ!

ಉಳಿದ ಇರುವೆಗಳನ್ನು ಒಂದೊಂದಾಗಿ ಕರೆದು ಆಜ್ಞಾಪಿಸುವ ಅಧಿಕಾರವು ಆಡುವವರಿಗಿಲ್ಲ. ಆಹಾರವನ್ನು ಕಂಡ ಇರುವೆಯು ಗೂಡಿಗೆ ಮರಳುವಾಗ ನೆಲದ ಮೇಲೆ ವಾಸನೆಯ ಗೆರೆಯನ್ನು ಬಿಡುತ್ತದೆ. ಇತರ ಇರುವೆಗಳು ಅದನ್ನು ಹಿಡಿದು ಹೋಗಿ, ಹೊತ್ತು ತರುವಾಗ ತಾವೂ ವಾಸನೆಯನ್ನು ಸೇರಿಸುತ್ತವೆ. ಆಹಾರವು ಮುಗಿದರೆ ಗೆರೆಯು ತಾನಾಗಿ ಮಾಸಿಹೋಗುವುದು. ಹೀಗೆ ಯಾರೂ ಹೇಳದೆಯೇ ಸಾಲು ಕಟ್ಟುತ್ತದೆ, ಯಾರೂ ಹೇಳದೆಯೇ ಚದುರುತ್ತದೆ. ನಿಜವಾದ ಇರುವೆಗಳ ರೀತಿಯೂ ಇದೇ. ರಾಣಿ ಎಂಬ ಹೆಸರು ದೊಡ್ಡದಾದರೂ ಆಕೆ ಆಳುವವಳಲ್ಲ, ಮೊಟ್ಟೆಯಿಡುವವಳು.

ಇಡೀ ಗೂಡಿನ ಮೇಲೆ ಆಡುವವರಿಗಿರುವ ಹಿಡಿತವು ಎರಡು ತ್ರಿಕೋಣಗಳು. ಆಹಾರ ತರುವುದು, ಅಗೆಯುವುದು, ಮರಿಗಳನ್ನು ಸಾಕುವುದು, ಈ ಮೂರರಲ್ಲಿ ಎಷ್ಟೆಷ್ಟು ಮಂದಿ ತೊಡಗಬೇಕೆಂಬುದನ್ನು ಒಂದು ನಿರ್ಣಯಿಸುತ್ತದೆ. ಹುಟ್ಟುವವುಗಳಲ್ಲಿ ದುಡಿಯುವವು ಎಷ್ಟು, ಸೈನಿಕರು ಎಷ್ಟು, ರೆಕ್ಕೆಯುಳ್ಳ ಗಂಡುಹೆಣ್ಣುಗಳು ಎಷ್ಟು ಎಂಬುದನ್ನು ಇನ್ನೊಂದು. ಒಂದು ಮೂಲೆಯ ಕಡೆಗೆ ಸರಿಸಿದಷ್ಟೂ ಬೇರೆ ಎರಡು ಕೆಲಸಗಳಿಗೆ ಕೈ ಸಾಲದಾಗುವುದು. ಆಟದ ಸಾರವೆಲ್ಲ ಇಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ. ಕಾದಾಟವು ಅದರ ಮುಂದೆ ಏನೂ ಅಲ್ಲ. ಆದರೆ ಪ್ರಕೃತಿಯಲ್ಲಿ ಇಂಥ ತ್ರಿಕೋಣವನ್ನು ತಿರುಗಿಸುವವರು ಯಾರೂ ಇಲ್ಲ. ಹೆಣ್ಣು ಮರಿಯು ರಾಣಿಯಾಗುವುದೋ ದುಡಿಯುವುದೋ ಎಂಬುದು ಬಹುಮಟ್ಟಿಗೆ ಅದಕ್ಕೆ ದೊರೆತ ಆಹಾರವನ್ನು ಅವಲಂಬಿಸಿದೆ. ದುಡಿಯುವ ಇರುವೆಗಳೆಲ್ಲವೂ, ಸೈನಿಕರೂ ಕೂಡ, ಹೆಣ್ಣುಗಳೇ ಎಂಬುದನ್ನು ನಮ್ಮ ವಿದ್ಯಾರ್ಥಿನಿಯರು ಗಮನಿಸಬಹುದು.

ಹಸಿದ ಹಳದಿ ಇರುವೆಯು ಸಂಗಾತಿಯ ಬಾಯಿಯಿಂದ ಆಹಾರವನ್ನು ಬೇಡಿ ಪಡೆಯುವುದೂ ಕಲ್ಪನೆಯಲ್ಲ. ಇರುವೆಗೆ ತನಗಾಗಿ ಒಂದು ಜಠರವೂ, ಹಂಚುವುದಕ್ಕಾಗಿ ಅದರ ಮುಂದೆ ಮತ್ತೊಂದು ಚೀಲವೂ ಉಂಟು.

ಹಿತ್ತಲನ್ನೂ ಮನೆಯನ್ನೂ ಚೌಕಗಳಾಗಿ ವಿಂಗಡಿಸಿದ ದೊಡ್ಡ ಆಟದಲ್ಲಿ, ರೆಕ್ಕೆಯ ಇರುವೆಗಳನ್ನು ಹಾರಿಸಿ ಹೊಸ ಗೂಡುಗಳನ್ನು ಸ್ಥಾಪಿಸುತ್ತ ಕೊನೆಗೆ ಮನೆಯವರನ್ನೇ ಓಡಿಸಬೇಕು. ಸೋಲುಗೆಲುವುಗಳಿಲ್ಲದ ಪ್ರಯೋಗದ ಆಟವೂ ಇದೆ. ಅದರಲ್ಲಿ ನಾವೇ ವಾಸನೆಯ ಗೆರೆಯನ್ನು ಎಳೆಯಬಹುದು. ಅದರ ತುದಿಯಲ್ಲಿ ಒಂದು ಕಾಳೂ ಇಲ್ಲದಿದ್ದರೂ ಇರುವೆಗಳು ಅದನ್ನೇ ಹಿಡಿದು ಹೊರಡುತ್ತವೆ.